ನಿಧನ ವಾರ್ತೆಗೆ ಮಂಗಳ ಹಾಡುತ್ತಿದ್ದವರು

ಮೊದಲೇ ಹೇಳಿಬಿಡುತ್ತೇನೆ. ನೀವಾಗಿ ಕಂಡುಹಿಡಿದು ಬೈಯುವುದಕ್ಕಿಂತ ನಾನಾಗಿ ಹೇಳಿ ಬೈಸಿಕೊಳ್ಳುವುದು ವಾಸಿ. ಒಬ್ಬ ಮನುಷ್ಯನ ಸಾವಿನ ಸುದ್ದಿಯನ್ನು ನಾನು ಆ ಸತ್ತವನದೇ ದನಿಯಲ್ಲಿ ಓದಿದೆ. ಅವನ ಕೆಮ್ಮಿನ ಸಮೇತ. ಅದೂ ಆ ಕೆಮ್ಮು ಕೇಳಿದರೇ ಇಂಥವನೆಂದು ಹೇಳಬಲ್ಲ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು. ಓದಿ ಮುಗಿಸಿ, ಪೇಪರು ಮಡಚಿ, ಚಪ್ಪಾಳೆಗೆ ಕಾದೆ. ನನ್ನ ಬುದ್ಧಿ ಎಷ್ಟರದು ಎಂದು ಅಳೆಯಲು ಆ ಕಾದದ್ದೊಂದೇ ಸಾಕು.

ಬಾಯೇ ನನ್ನ ಹೊಟ್ಟೆಪಾಡು. ಚನ್ನಗಿರಿಯಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಕೂಗುವವನು ನಾನು. ಹೊಸ ಅಂಗಡಿ ತೆರೆದರೆ, ಕಣ್ಣಿನ ಶಿಬಿರ ಬಂದರೆ, ಕರೆಂಟು ಹೋಗುವುದಿದ್ದರೆ ಊರಿಗೆ ನನ್ನ ದನಿಯೇ ತಿಳಿಸಬೇಕು. ಹೊನ್ನಾಳಿ, ನ್ಯಾಮತಿ, ಜಗಳೂರಿನವರೆಗೂ ಕೂಗಿಬಂದಿದ್ದೇನೆ. ಹೋದಲ್ಲೆಲ್ಲ ಒಂದೊಂದು ದನಿಯನ್ನು ಕದ್ದು ತರುವುದು ನನ್ನ ಚಾಳಿ. ಕಂಡಕ್ಟರ್, ಸ್ವಾಮಿಗಳು, ಸಾಹೇಬರು, ಸೊಸೆಯ ಮೇಲೆ ಸಿಟ್ಟಾದ ಅತ್ತೆ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಗಣಪತಿ ಪೆಂಡಾಲಿನಲ್ಲಿ ಇವರನ್ನೆಲ್ಲ ಕುಣಿಸಿದರೆ ಜನ ನಗುತ್ತಾರೆ. ನಮ್ಮವ್ವ ಮಾತ್ರ, “ಎಲ್ಲಾರ ದನಿ ಬರ್ತೈತೆ, ನಿಂದು ಯಾವ್ದೋ?” ಎನ್ನುತ್ತಾಳೆ. ಅದನ್ನೂ ಅವಳ ದನಿಯಲ್ಲೇ ಹೇಳಿ ತೋರಿಸುತ್ತೇನೆ.

ನಮ್ಮೂರಿನ ಹೊರಗೆ ಒಂದು ವೃದ್ಧಾಶ್ರಮವಿದೆ. ಮೊದಲು ಅದು ಕಲ್ಯಾಣ ಮಂಟಪವಾಗಿತ್ತು. ದೊಡ್ಡ ದೊಡ್ಡ ಹಾಲುಗಳು ಬಂದ ಮೇಲೆ ಅಲ್ಲಿ ಮದುವೆಗಳು ನಿಂತವು, ಮುದುಕರು ಬಂದರು. ಬಾಗಿಲ ಮೇಲಿನ ಬರಹಗಳನ್ನು ಯಾರೂ ಅಳಿಸಲಿಲ್ಲ. ಹಾಗಾಗಿ ಇವತ್ತಿಗೂ ಅಜ್ಜಂದಿರು ಮಲಗುವುದು ‘ವರನ ಕೋಣೆ’ಯಲ್ಲಿ, ಅಜ್ಜಿಯರು ಮಲಗುವುದು ‘ವಧುವಿನ ಕೋಣೆ’ಯಲ್ಲಿ. ಯಾರಾದರೂ ತೀರಿಕೊಂಡರೆ ದೇಹವನ್ನು ಇಳಿಸುವುದು ತಾಳಿ ಕಟ್ಟುತ್ತಿದ್ದ ವೇದಿಕೆಯ ಮುಂದೆ. ಅಲ್ಲಿ ಜಾಗ ಜಾಸ್ತಿ ಇದೆ, ಅಷ್ಟೇ ಕಾರಣ.

ಆಶ್ರಮ ನೋಡಿಕೊಳ್ಳುವ ಮೇಡಂ ಒಂದು ದಿನ ನನ್ನ ಆಟೋ ನಿಲ್ಲಿಸಿ, “ದಿನಾ ಒಂದು ಗಂಟೆ ಬಂದು ಇವರಿಗೆ ಏನಾದ್ರೂ ಓದ್ತೀಯೇನಪ್ಪ? ಟೀವಿ ನೋಡಿ ನೋಡಿ ಒಬ್ಬರಿಗೊಬ್ಬರು ಮಾತೇ ಆಡ್ತಿಲ್ಲ” ಎಂದರು. ಓದುಗರ ಬಳಗ ಎಂದು ಹೆಸರನ್ನೂ ಅವರೇ ಇಟ್ಟರು. ಬಳಗದಲ್ಲಿ ಓದಲು ಕಣ್ಣಿದ್ದವನು ನಾನೊಬ್ಬನೇ. ಉಳಿದವರಿಗೆ ಪೊರೆ, ನಡುಕ, ಇಲ್ಲವೇ ಅಕ್ಷರವೇ ಇಲ್ಲ.

ಮೊದಲ ದಿನ ಲೈಬ್ರರಿಯಿಂದ ರಟ್ಟು ಹರಿದ ಕಾದಂಬರಿಯೊಂದನ್ನು ತಂದೆ. ನಾಯಕಿ ಕಿಟಕಿಯಲ್ಲಿ ನಿಂತು ಚಂದ್ರನನ್ನು ನೋಡುವ ಹೊತ್ತಿಗೆ ತ್ಯಾವಣಿಗೆ ಅಜ್ಜ ಎಂಬವರು ಕೈ ಎತ್ತಿದರು. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಊರು ಹಿಡಿದು ಕರೆಯುತ್ತಾರೆ. ಉಬ್ಬಸದ ಮನುಷ್ಯ ಅವರು; ಉಸಿರು ಕೂಡಿಸಿಕೊಂಡು ಕೇಳಿದರು:

“ತಮ್ಮಾ, ಈಕಿ ಯಾರ ಪೈಕಿ?”

“ಯಾರ ಪೈಕೀನೂ ಅಲ್ಲಜ್ಜ, ಇದು ಕತೆ.”

“ಗುರ್ತಿಲ್ಲದೋರ ಉಸಾಬರಿ ನಮಗ್ಯಾಕೆ? ಪೇಪರ್ ತಗಿ. ಇವತ್ತು ಯಾರ್ಯಾರು ಹೋದ್ರು ಅದನ್ನ ಓದು.”

ಹೀಗೆ ನಮ್ಮ ಓದುಗರ ಬಳಗ ನಿಧನ ವಾರ್ತೆಯ ಬಳಗವಾಯಿತು. ಜಿಲ್ಲಾ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸಣ್ಣ ಫೋಟೊಗಳ ಸಾಲು, ಕೆಳಗೆ ನಾಲ್ಕು ನಾಲ್ಕು ಸಾಲು. ಎಲ್ಲರದೂ ಒಂದೇ ಅಚ್ಚು: ಮೃತರು ಇಷ್ಟು ಪುತ್ರರು, ಇಷ್ಟು ಪುತ್ರಿಯರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ. ಸಾಯುವ ತನಕ ಯಾರಿಗೂ ಇಷ್ಟೊಂದು ಬಳಗ ಇದ್ದಂತೆ ಕಾಣುವುದಿಲ್ಲ.

ವರನ ಕೋಣೆಯ ಹೊನ್ನಾಳಿ ಮೇಷ್ಟ್ರು ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಊರ ಕಡೆ ಶ್ರಾವಣದಲ್ಲಿ ಪುರಾಣ ಓದಿಸುವಾಗ ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಕೊನೆಗೆ ಮುತ್ತೈದೆಯರು ಮಂಗಳ ಹಾಡಿ ಆರತಿ ಎತ್ತಿದ ಮೇಲೆಯೇ ಜನ ಮೇಲೇಳುತ್ತಾರೆ. ಇಲ್ಲೂ ಹಾಗೇ ಆಗಬೇಕು ಎಂದರು. ನಾನು ಒಬ್ಬೊಬ್ಬರ ಸಾವು ಓದಿ ನಿಲ್ಲಿಸಬೇಕು. ಮೇಷ್ಟ್ರು ಅರ್ಥ ಹೇಳುತ್ತಾರೆ: “ಇವನು ಗೊತ್ತು. ಹೊಲದ ಬದುವಿಗಾಗಿ ತಮ್ಮನ ಮೇಲೆ ಕೇಸು ಹಾಕಿದ್ದ. ಈಗ ಎಷ್ಟಗಲದ ಜಾಗ ಸಿಕ್ತು ಕೇಳ್ರಿ!” ತ್ಯಾವಣಿಗೆ ಅಜ್ಜ ಮುಂದೆ ಕೂತು “ಹೂಂ, ಹೂಂ” ಎನ್ನುತ್ತಾರೆ. ನಾನು ಸತ್ತವರಿಗೆ ತಕ್ಕ ದನಿ ಹಾಕುತ್ತೇನೆ. ನಿವೃತ್ತ ಪೊಲೀಸನಿಗೆ ಪೊಲೀಸಿನದು, ಅಡಿಕೆ ವ್ಯಾಪಾರಿಗೆ ಅಡಿಕೆ ವ್ಯಾಪಾರಿಯದು. ಎಲ್ಲರೂ ನಗುತ್ತಾರೆ. ಸಾವಿನ ಪಕ್ಕದ ಬೀದಿಯಲ್ಲಿ ಮನೆ ಮಾಡಿದವರು ಹಾಗೆ ನಗುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮಂಗಳ ಹಾಡಲು ಮುತ್ತೈದೆ ಬೇಕಲ್ಲ. ವಧುವಿನ ಕೋಣೆಯಲ್ಲಿದ್ದ ಎಲ್ಲ ಹೆಂಗಸರ ಪೈಕಿ ಹಣೆಯಲ್ಲಿ ಕುಂಕುಮ ಇದ್ದದ್ದು ಒಬ್ಬರಿಗೇ, ನ್ಯಾಮತಿ ಅಮ್ಮನಿಗೆ. ಹಸಿರು ಬಳೆ, ಕರಿಮಣಿ, ಎಣ್ಣೆ ಹಚ್ಚಿ ಬಾಚಿದ ಬಿಳಿ ತುರುಬು. ಅವರು ಎದ್ದು ನಿಂತು, ಸೆರಗು ಹೊದ್ದು, ಕಣ್ಣು ಮುಚ್ಚಿ ಮಂಗಳ ಹಾಡುತ್ತಿದ್ದರು. ಅಂಥಾ ದನಿಯೇನಲ್ಲ, ಸ್ವಲ್ಪ ಒಡಕು. ಆದರೆ ಅದು ಮುಗಿದಾಗ ಎಲ್ಲರ ಭುಜ ಒಂದಿಷ್ಟು ಕೆಳಗಿಳಿಯುತ್ತಿತ್ತು. “ಮಂಗಳ ಹಾಡ್ದೆ ಎದ್ರೆ ಓದಿದ ಸಾವೆಲ್ಲ ಈ ಮನೀಗೇ ಅಂಟ್ಕಂತಾವೆ” ಎನ್ನುತ್ತಿದ್ದರು ತ್ಯಾವಣಿಗೆ ಅಜ್ಜ.

ಸೊಕ್ಕೆ ಅಜ್ಜಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಜಗಳೂರಿನ ಕಡೆಯ ಬಿಸಿಲಿನಲ್ಲಿ ಬೆಂದು ಬಂದ ಹೆಂಗಸು. ಮಗ್ಗುಲಲ್ಲಿ ಕೂಸಿದ್ದಾಗಲೇ ಗಂಡನನ್ನು ಕಳೆದುಕೊಂಡು, ಅಂದಿನಿಂದ ಒಂದೂ ಆರತಿ ಮುಟ್ಟದವಳು. ಅವಳ ದನಿ ನ್ಯಾಮತಿ ಅಮ್ಮನ ದನಿಗಿಂತ ಎಷ್ಟೋ ಚೆನ್ನಾಗಿತ್ತೆಂದು ಅಡುಗೆಯವಳು ಹೇಳುತ್ತಿದ್ದಳು. ಬಚ್ಚಲಲ್ಲಿ ಹಾಡುವಾಗ ಕೇಳಿದ್ದಳಂತೆ. ಮಂಗಳ ಶುರುವಾದರೆ ಸಾಕು, ಈ ಅಜ್ಜಿ ಮೂಲೆಯಿಂದ, “ಮುತ್ತೈದೆಯಂತೆ! ಆ ಗಂಡನ್ನ ಒಂದ್ಸಲ ಕಾರಿಂದ ಕೆಳಗಿಳಿಯಾಕೆ ಹೇಳ್ರಿ ಮೊದ್ಲು” ಎನ್ನುವಳು. ನನಗೆ ಈ ಮಾತಿನ ತಲೆಬುಡ ತಿಳಿಯುತ್ತಿರಲಿಲ್ಲ. ಅದನ್ನೂ ಅವಳ ದನಿಯಲ್ಲೇ ತಿರುಗಿಸಿ ಹೇಳಿ ನಗಿಸುತ್ತಿದ್ದೆ. ನ್ಯಾಮತಿ ಅಮ್ಮ ಮಾತ್ರ ನಗುತ್ತಿರಲಿಲ್ಲ. ಅದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ದಿನ ಪೇಪರಿನಲ್ಲಿ ನ್ಯಾಮತಿಯ ಒಬ್ಬ ಜವಳಿ ಅಂಗಡಿಯ ಯಜಮಾನರ ಫೋಟೊ ಇತ್ತು. ನೋಡುತ್ತಲೇ ನನಗೆ ಹಬ್ಬ. ಏಕೆಂದರೆ ಆ ದನಿ ನನ್ನ ಬತ್ತಳಿಕೆಯ ಒಳ್ಳೆಯ ಬಾಣಗಳಲ್ಲೊಂದು. ಅವರ ಅಂಗಡಿಯ ಆಷಾಢದ ರಿಯಾಯಿತಿಯನ್ನು ನಾನೇ ಕೂಗಿದ್ದೆ. ಪ್ರತಿ ಮಾತಿಗೂ ಮೊದಲು ಒಂದು ಒಣ ಕೆಮ್ಮು, ಪ್ರತಿ ಮಾತಿನ ಕೊನೆಗೂ “ಏನಂತೀಯಾ?” ಎನ್ನುವುದು ಅವರ ರೂಢಿ. “ಸೀರೆ ಅಂದ್ರೆ ಸೀರೆ, ಏನಂತೀಯಾ?” ಎಂದು ಅವರ ಎದುರಿಗೇ ಅನುಕರಿಸಿ ತೋರಿಸಿದಾಗ ಹೊಟ್ಟೆ ಹಿಡಿದು ನಕ್ಕಿದ್ದರು.

ಉಳಿದ ಸಾವುಗಳನ್ನೆಲ್ಲ ಬೇಗ ಬೇಗ ದಾಟಿಸಿ, ವೇದಿಕೆಯ ಅಂಚಿಗೆ ಬಂದು, ಕೆಮ್ಮಿದೆ.

“ಹ್ಹಂ... ನ್ಯಾಮತಿ ಪಟ್ಟಣದ ಹಿರಿಯ ಜವಳಿ ವ್ಯಾಪಾರಿಗಳಾದ ನಾನು ಅನಾರೋಗ್ಯದಿಂದ ನಿಧನ ಆಗಿದೀನಿ, ಏನಂತೀಯಾ? ಹ್ಹಂ... ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ, ಅಪಾರ ಬಂಧು ಬಳಗಾನ ಅಗಲಿದೀನಿ, ಏನಂತೀಯಾ?”

ಯಾರೂ ಏನೂ ಅನ್ನಲಿಲ್ಲ. ತ್ಯಾವಣಿಗೆ ಅಜ್ಜನ “ಹೂಂ” ಕೂಡ ಬರಲಿಲ್ಲ. ಅರ್ಥ ಹೇಳಬೇಕಾದ ಮೇಷ್ಟ್ರು ತಮ್ಮ ಕೋಲಿನ ತುದಿ ನೋಡುತ್ತಿದ್ದರು. ನಗು ಬರದಿದ್ದರೆ ನನ್ನಂಥವನು ಮಾಡುವುದೇನು? ದನಿ ಸರಿ ಹತ್ತಲಿಲ್ಲವೆಂದುಕೊಂಡು ಕೆಮ್ಮನ್ನು ಇನ್ನಷ್ಟು ಜೋರು ಮಾಡುತ್ತಾನೆ. ಮಾಡಿದೆ.

ಆಗ ನ್ಯಾಮತಿ ಅಮ್ಮ, “ಇನ್ನೊಂದ್ಸಲ ಓದಪ್ಪ” ಎಂದರು.

ನನಗೆ ಖುಷಿಯೋ ಖುಷಿ. ಒಬ್ಬರಿಗಾದರೂ ಹಿಡಿಸಿತಲ್ಲ! ಮತ್ತೆ ಓದಿದೆ, ಕೆಮ್ಮಿ, ಏನಂತೀಯಾ ಎಂದು ಕೈ ತಿರುವಿ.

“ಮಣ್ಣು ಮಾಡೋದು ಎಷ್ಟೊತ್ತಿಗೆ ಅಂತ ಬರ್ದೈತೆ?”

ಕೊನೆಯ ಸಾಲು ನೋಡಿದೆ. “ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅಂತೆ.”

“ಈಗೆಷ್ಟು?”

“ನಾಲ್ಕೂವರೆ.”

“ಹಂಗಾದ್ರೆ ಆತು,” ಎಂದರು. ಆಮೇಲೆ ಕೈ ಚಾಚಿ ಪೇಪರು ಇಸಿದುಕೊಂಡರು. ಅಕ್ಷರ ಬಾರದವರು. ಫೋಟೊದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿ, “ಇದು ಹಳೇದು. ಈ ಮೀಸೆ ತೆಗೆಸಿ ಬಾಳ ದಿನ ಆಗಿತ್ತು. ಹೊಸಾದು ಒಂದು ಇರ್ಲಿಲ್ಲೇನು ಅವರ ಮನೇಲಿ?” ಎಂದು ಹಿಂದಿರುಗಿಸಿದರು. ಎದ್ದು ವಧುವಿನ ಕೋಣೆಗೆ ಹೋದರು. ಅವತ್ತು ಮಂಗಳವಾಗಲಿಲ್ಲ.

ಮೇಷ್ಟ್ರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಕೋಲಿನಿಂದ ನನ್ನ ಮೊಣಕಾಲಿಗೆ ಒಂದು ಬಿಟ್ಟರು. ಆಮೇಲೆ ಅರ್ಥ ಹೇಳಿದರು. ಆಶ್ರಮದಲ್ಲಿ ಅದು ಗುಟ್ಟೇನೂ ಅಲ್ಲ, ನಾನೊಬ್ಬ ತಿಳಿಯದವನಿದ್ದೆ. ಜವಳಿ ಯಜಮಾನರಿಗೆ ನ್ಯಾಮತಿಯಲ್ಲಿ ಎರಡು ಮನೆಗಳಿದ್ದವು. ಪೇಪರಿನಲ್ಲಿ ಬಂದದ್ದು ಮೊದಲನೆಯ ಮನೆ. ಎರಡನೆಯ ಮನೆ ಇವರು. ತಾಳಿ ಕಟ್ಟಿರಲಿಲ್ಲ. ತಲೆಗೂದಲು ಕಪ್ಪಿದ್ದಾಗ ಶುರುವಾದದ್ದು, ಬಿಳಿಯಾಗುವ ತನಕ ನಡೆಯಿತು. ಮಂಡಿ ಹಿಡಿದುಕೊಂಡು ಒಬ್ಬರೇ ಇರುವುದು ಆಗದೆ ಹೋದಾಗ ಯಜಮಾನರೇ ಇಲ್ಲಿಗೆ ತಂದು ಬಿಟ್ಟಿದ್ದರು. ಅಂಗಡಿಯ ರಜೆಯ ದಿನ ಕಾರಿನಲ್ಲಿ ಬಂದು ಗೇಟಿನ ಹೊರಗೆ ನಿಲ್ಲಿಸುತ್ತಿದ್ದರು, ಇಳಿಯುತ್ತಿರಲಿಲ್ಲ. ಇವರೇ ಹೋಗಿ ಕಾರಿನಲ್ಲಿ ಕೂತು ಮಾತಾಡಿ ಬರುತ್ತಿದ್ದರು. ಮಳೆಗಾಲದಿಂದ ಈಚೆಗೆ ಕಾರು ಬಂದಿರಲಿಲ್ಲ. ಕಾಯಿಲೆ ಎಂದು ಹೇಳಿಕಳಿಸುವವರೂ ಯಾರಿಲ್ಲ. ಎರಡನೆಯ ಮನೆಗೆ ಯಾರು ಫೋನು ಮಾಡುತ್ತಾರೆ?

“ಹಂಗಾಗಿ,” ಎಂದರು ಮೇಷ್ಟ್ರು, “ಅವರು ಸತ್ತ ಸುದ್ದೀನ ಅವರೇ ಬಂದು ಹೇಳ್ದಂಗಾತು. ಚೆನ್ನಾಗ್ ಮಾಡ್ದೆ ಬಿಡು.”

ಮಾರನೇ ದಿನ ಕ್ಷಮೆ ಕೇಳಲು ಹೋದೆ. ಬಾಯಿ ತೆರೆದರೆ ಯಾವ ದನಿಯಲ್ಲಿ ಕೇಳುವುದೆಂದೇ ಹೊಳೆಯಲಿಲ್ಲ. ನ್ಯಾಮತಿ ಅಮ್ಮ ನಲ್ಲಿಯ ಹತ್ತಿರ ಕೂತಿದ್ದರು. ಹಣೆ ಬರಿದಾಗಿತ್ತು. ಕೈಯಲ್ಲಿ ಬಳೆ ಇರಲಿಲ್ಲ. ಒಡೆದ ಹಸಿರು ಚೂರುಗಳನ್ನು ಕಾಲಿಗೆ ಚುಚ್ಚದಂತೆ ಒಂದು ಕಾಗದದಲ್ಲಿ ಕೂಡಿಹಾಕುತ್ತಿದ್ದರು. ಬಳೆ ಒಡೆಯಲು ನೆಂಟರಿಷ್ಟರು ಸುತ್ತ ಸೇರುತ್ತಾರೆ. ಇವರು ನಲ್ಲಿಯ ಕಟ್ಟೆಗೆ ಕೈ ಬಡಿದು ಒಬ್ಬರೇ ಒಡೆದುಕೊಂಡಿದ್ದರು. ಮಣಿಕಟ್ಟಿನಲ್ಲಿ ಸಣ್ಣದೊಂದು ಗೀರು.

“ಅಮ್ಮಾ, ನಂಗೆ ಗೊತ್ತಿರ್ಲಿಲ್ಲ...”

“ಆ ಕೆಮ್ಮು ಸರಿ ಬಂದಿಲ್ಲ,” ಎಂದರು ತಲೆ ಎತ್ತದೆ. “ಮೊದ್ಲು ಮೂಗೆಳೀತಿದ್ರು, ಆಮೇಲೆ ಕೆಮ್ಮೋರು. ನೀನು ಸೀದಾ ಕೆಮ್ತೀಯ.”

ಅಷ್ಟೇ. ಇಂದಿಗೂ ಆ ದನಿಯನ್ನು ನಾನು ಮತ್ತೆ ಬಾಯಿಂದ ಹೊರಗೆ ತೆಗೆದಿಲ್ಲ. ತೆಗೆದರೆ ಮೂಗೆಳೆಯಬೇಕಾಗುತ್ತದೆ.

ಅಲ್ಲಿಂದ ಬಳಗ ಕೆಟ್ಟಿತು. ಸೊಕ್ಕೆ ಅಜ್ಜಿ ಎಲ್ಲರಿಗೂ ಕೇಳುವಂತೆ, “ಕಟ್ಟದ ತಾಳೀನ ಹರ್ಕಂಡ್ಳು ನೋಡ್ರಿ! ನಾವೆಲ್ಲ ಕಟ್ಟಿಸ್ಕಂಡು ಮುಂಡೇರಾದ್ವಿ, ಇವಳಿಗೆ ಅದೂ ಪುಕ್ಸಟ್ಟೆ” ಎಂದಳು. ಮೇಡಂ ಸಾವು ಓದುವುದೇ ಬೇಡವೆಂದರು. ನಾನು ಅಡಿಕೆ ಧಾರಣೆ ಓದಿದೆ, ಸಿನಿಮಾ ಸುದ್ದಿ ಓದಿದೆ, ಹೋಗಲೆಂದು ರಾಶಿ ಭವಿಷ್ಯವನ್ನೂ ಓದಿದೆ. “ಉದ್ಯೋಗದಲ್ಲಿ ಬಡ್ತಿ” ಎಂದಾಗ ಮೇಷ್ಟ್ರು ಎದ್ದು ಹೋದರು. ಕಡೆಗೆ ಮೇಷ್ಟ್ರೇ ಹಟ ಹಿಡಿದು ನಿಧನ ವಾರ್ತೆಯನ್ನು ವಾಪಸು ತರಿಸಿದರು. ಈಗ ಓದುತ್ತಿದ್ದೆ, ಯಾವ ದನಿಯನ್ನೂ ಹಾಕದೆ. ನ್ಯಾಮತಿ ಅಮ್ಮ ಬಂದು ಗೋಡೆಗೊರಗಿ ಕೂರುತ್ತಿದ್ದರು. ಆದರೆ ಓದು ಮುಗಿದಾಗ ಏಳುತ್ತಿರಲಿಲ್ಲ. ಮಂಗಳವಿಲ್ಲದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಲೋಟದ ಸಪ್ಪಳ ಕೇಳಿದ ಮೇಲೆ ಟೀಗೆ ಹೋಗುತ್ತಿದ್ದರು.

ತ್ಯಾವಣಿಗೆ ಅಜ್ಜನಿಗೆ ಹೆದರಿಕೆ ಹತ್ತಿತು. ಅವರ ಉಬ್ಬಸ ಏರಿತ್ತು. ಚಳಿ ಶುರುವಾದರೆ ಪ್ರತಿ ವರ್ಷವೂ ಏರುತ್ತದೆ, ಅದಕ್ಕೂ ಹಾಡಿಗೂ ಏನು ಸಂಬಂಧ ಎಂದು ಮೇಡಂ ಹೇಳಿದರು. ಅಜ್ಜ ಕೇಳಲಿಲ್ಲ. ನನ್ನ ಅಂಗಿ ಹಿಡಿದುಕೊಂಡು, “ಮಂಗಳ ಹಾಡ್ಸಪ್ಪ. ಬಾಗ್ಲು ತೆಗ್ದಂಗೇ ಐತೆ. ಗಾಳಿ ಬಡೀತೈತೆ ನಂಗೆ” ಎಂದರು. ನ್ಯಾಮತಿ ಅಮ್ಮನ ಮುಂದೆ ಹೋಗಿ ಕೈ ಮುಗಿದರು. ಅವರು ಅಜ್ಜನ ಕೈ ಹಿಡಿದು ಕೆಳಗಿಳಿಸಿ, “ಅಣ್ಣಾ, ನಂಗೆ ಬರಾಕಿಲ್ಲ ಈಗ” ಎಂದರು. ಕಣ್ಣಲ್ಲಿ ನೀರು ಬಂದದ್ದು ಅಜ್ಜನಿಗೆ.

ಒಂದು ಬೆಳಿಗ್ಗೆ ಅಜ್ಜನನ್ನು ದಾವಣಗೆರೆಯ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ವಾಪಸು ಬಂದದ್ದು ಫೋಟೊ ಮಾತ್ರ, ಪೇಪರಿನಲ್ಲಿ. ಮನೆಯವರು ತ್ಯಾವಣಿಗೆಗೇ ಒಯ್ದು ಮಣ್ಣು ಮಾಡಿದ್ದರು. ಆ ದಿನ ನಾನು ಓದಬೇಕಾಯಿತು. ಮುಂದಿನ ಸಾಲಿನಲ್ಲಿ ಅವರ ಕುರ್ಚಿ ಹಾಗೇ ಇತ್ತು. “ಪುತ್ರ ಹಾಗೂ ಅಪಾರ ಬಂಧು ಬಳಗವನ್ನು...” ಎಂದು ಬಂದಾಗ ನಿಲ್ಲಿಸಿದೆ. ಹೂಂ ಎನ್ನುವವರಿಲ್ಲ.

ಮೇಷ್ಟ್ರು ಅರ್ಥ ಹೇಳಿದರು: “ಅಪಾರ ಬಳಗ ಅಂದ್ರೆ ನಾವೇ ಕಣ್ರಪ್ಪ. ಇನ್ಯಾರದಾರೆ?”

ಸೊಕ್ಕೆ ಅಜ್ಜಿ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಬಹಳ ದಿನದ ಮೇಲೆ ಬಂದ ನಗು, ನಕ್ಕು ಮುಗಿಯುವಷ್ಟರಲ್ಲಿ ಕೆಲವರು ಮೂಗೊರೆಸಿಕೊಳ್ಳುತ್ತಿದ್ದರು. ನಕ್ಕ ಮೇಲೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಮುಂದಿನ ಫೋಟೊ ಯಾರದು ಎಂಬುದೊಂದೇ ಎಲ್ಲರ ಮುಖದಲ್ಲೂ.

“ಇವತ್ತಾದ್ರೂ ಬಾಗ್ಲು ಹಾಕ್ರಮ್ಮ,” ಎಂದರು ಮೇಷ್ಟ್ರು. ಕೋಲೂರಿ ನ್ಯಾಮತಿ ಅಮ್ಮನ ಕಡೆಗೆ ತಿರುಗಿದರು. “ಅವನು ಕೈ ಮುಗ್ದು ಕೇಳ್ದ. ಅವನಿಗೋಸ್ಕರ ಆದ್ರೂ ಹಾಡ್ರಿ.”

“ಹಾಡಾಕೆ ಏನು ಅಡ್ಡಿ?” ಎಂದಳು ಸೊಕ್ಕೆ ಅಜ್ಜಿ. ಈ ಸಲ ಅವಳ ದನಿಯಲ್ಲಿ ಮೊಳೆ ಇರಲಿಲ್ಲ, ಅವಳಿಗೂ ಹೆದರಿಕೆಯೇ. “ಕುಂಕುಮ ಇಟ್ಕಂಡು ಹಾಡಿ ಬಿಡು ಮಾರಾಯ್ತಿ. ನಾನಿನ್ನು ಏನೂ ಅನ್ನಾಕಿಲ್ಲ.”

ನ್ಯಾಮತಿ ಅಮ್ಮ ಗೋಡೆ ಬಿಟ್ಟು ಏಳಲಿಲ್ಲ. ಇಲ್ಲಿ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮೈಕಿಲ್ಲದಿದ್ದರೂ ಕೂಗುವ ಬಾಯಿ ಇದು. ಅವರಿಗೆ ನಾನೊಂದು ಉಪಕಾರ ಮಾಡುತ್ತಿದ್ದೇನೆ ಎಂದೇ, ಎದೆ ಮುಟ್ಟಿಕೊಂಡು ಹೇಳುತ್ತೇನೆ, ನಿಜವಾಗಿ ಅಂದುಕೊಂಡಿದ್ದೆ. ಆ ಬರಿ ಹಣೆಯನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವರು ಮತ್ತೆ ಕುಂಕುಮ ಇಟ್ಟು ಹಾಡಿದರೆ ನಾನು ಓದಿದ್ದೂ ಓದದಂತಾಗುತ್ತದೆ ಎಂಬ ದುರಾಸೆ. ಯಾರ ದನಿಯನ್ನೂ ಹಾಕದೆ, ನನ್ನದೇ ಎನ್ನಬಹುದಾದ ಒಂದು ತೆಳ್ಳಗಿನ ದನಿಯಲ್ಲಿ ಹೇಳಿದೆ:

“ಅಮ್ಮಾ, ಅವತ್ತು ಪೇಪರಿನಲ್ಲಿ ಪತ್ನಿ ಅಂತ ಬಂದಿರೋದು ಬೇರೆಯವರು. ನಿಮ್ಮನ್ನ ಆ ಮನೆಯವರು ಲೆಕ್ಕಕ್ಕೇ ತಗೊಂಡಿಲ್ಲ. ಅಂದ ಮೇಲೆ ನಿಮಗೆ ಏನೂ ಆಗಿಲ್ಲ ಅಂತಾನೇ ಅಲ್ವಾ? ನೀವು ಆರಾಮಾಗಿ ಹಾಡಬಹುದು.”

ಅವರು ಗೋಡೆ ಹಿಡಿದು ಎದ್ದು ನಿಂತರು. ಹಾಡುವುದಕ್ಕೇ ಎದ್ದರೆಂದು ಮೇಷ್ಟ್ರು ಕಣ್ಣು ಮುಚ್ಚಿ ಕೈ ಜೋಡಿಸಿದರು. ಅವರು ಸೆರಗು ಹೊದ್ದುಕೊಂಡು ನನ್ನ ಹತ್ತಿರ ಬಂದು, ನನ್ನ ಕೈಯಲ್ಲಿದ್ದ ಪೇಪರನ್ನು ಒಮ್ಮೆ ನೋಡಿ, ಹೇಳಿದರು:

“ಅವರ ಕೂಡೆ ಬಾಳಾಕೆ ನಾನು ಯಾವ ಪೇಪರ್ನೋರನ್ನೂ ಕೇಳ್ಲಿಲ್ಲ ಕಣಪ್ಪ. ಈಗ ಮುಂಡೆ ಆಗಾಕೆ ಕೇಳ್ಬೇಕೇನು?”